‘ಅವರು ಯಾರ ಕಡೆ ಇದ್ದರು?’: ಕ್ರೈಸ್ತ ನಂಬಿಕೆ, ದೇಶಪ್ರೇಮ ಮತ್ತು ಹಣೆಪಟ್ಟಿಗಳ ಪಾಠ

ಹಿಂದಿನ ಬೋಧನಾಭ್ಯಾಸದ ಅವಧಿಯಲ್ಲಿ ಕೊಣ್ಣೂರಿನ ಒಂದು ಪ್ರೌಢಶಾಲೆಯ ಹತ್ತನೆಯ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಸ್ವಾತಂತ್ರ್ಯ ಚಳವಳಿಯ ಪಾಠ ಮಾಡುತ್ತಿದ್ದರು. ನಾನು ಕೊನೆಯ ಬೆಂಚಿನಲ್ಲಿ ಅವಲೋಕನ ಪುಸ್ತಕ ಹಿಡಿದು ಕುಳಿತಿದ್ದೆ. ಪೀಠಿಕೆ ಚೆನ್ನಾಗಿಯೇ ಇತ್ತು. 1924ರ ಬೆಳಗಾವಿ ಕಾಂಗ್ರೆಸ್, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಎಂದು ಹೇಳಿದರು. ಸೇವಾದಳದ ಡಾ. ಎನ್. ಎಸ್. ಹರ್ಡೀಕರರ ಹೆಸರು ಹೇಳಿ, ಅದನ್ನು ಪಕ್ಕದ ಘಟಪ್ರಭೆಯ ಆರೋಗ್ಯಧಾಮಕ್ಕೆ ಜೋಡಿಸಿದಾಗ ಮಕ್ಕಳ ಮುಖ ಅರಳಿತು. ತಮ್ಮ ಊರಿನ ಹತ್ತಿರದ ಹೆಸರು ಇತಿಹಾಸದಲ್ಲಿ ಬಂದರೆ ಮಕ್ಕಳಿಗೆ ಆಗುವ ಸಂತೋಷವೇ ಬೇರೆ.

ಆಗ ಎರಡನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ. “ಸರ್, ಬ್ರಿಟಿಷರು ಕ್ರಿಶ್ಚನ್ರು ಅಲ್ರಿ? ಹಂಗಾದ್ರ ನಮ್ಮಲ್ಲಿಯ ಕ್ರಿಶ್ಚನ್ರು ಯಾರ ಕಡೆ ಇದ್ರು?”

ಹುಡುಗನ ದನಿಯಲ್ಲಿ ಕೊಂಕು ಇರಲಿಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡೆದು, “ಅದು ನಮ್ಮ ಪಾಠದಾಗ ಇಲ್ಲ, ಕೂತ್ಕೋ” ಎಂದು ಮುಂದಿನ ಅಂಶಕ್ಕೆ ಹೋದರು. ಹುಡುಗ ಕುಳಿತ. ಆದರೆ ಕಿಟಕಿಯ ಪಕ್ಕದ ಸಾಲಿನಲ್ಲಿದ್ದ ಒಬ್ಬ ಹುಡುಗಿ ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನನ್ನೋ ಗೀಚತೊಡಗಿದ್ದಳು. ಅವಳು ಕ್ರೈಸ್ತ ಮನೆಯ ಹುಡುಗಿ ಎಂದು ವರ್ಗ ಶಿಕ್ಷಕಿ ನನಗೆ ಆಮೇಲೆ ಹೇಳಿದರು. ಪಾಠ ಮುಗಿಯುವವರೆಗೂ ಅವಳು ತಲೆ ಎತ್ತಲಿಲ್ಲ.

ಪಾಠದ ನಂತರದ ಚರ್ಚೆಯಲ್ಲಿ ಪ್ರಶಿಕ್ಷಣಾರ್ಥಿ ಪ್ರಾಮಾಣಿಕವಾಗಿ ಒಪ್ಪಿಕೊಂಡರು. “ಮೇಡಂ, ನನಗ ಉತ್ತರ ಗೊತ್ತಿರಲಿಲ್ರಿ. ಏನರ ತಪ್ಪು ಹೇಳಿ ಜಗಳ ಆಗೂದಕ್ಕಿಂತ ಬಿಡೂದು ಚಲೋ ಅನಿಸ್ತು.” ಅವರನ್ನು ದೂರುವಂತಿಲ್ಲ. ನಮ್ಮ ಪಠ್ಯಕ್ರಮದಲ್ಲಿ ಬೋಧನಾ ಕೌಶಲಗಳಿಗೆ ಸಿಗುವ ಸಮಯದಲ್ಲಿ ಅರ್ಧದಷ್ಟೂ ಇಂಥ ವಿಷಯಜ್ಞಾನಕ್ಕೆ ಸಿಗುವುದಿಲ್ಲ. ಆದರೆ ಉತ್ತರ ಕೊಡದೆ ಬಿಟ್ಟದ್ದೂ ಆ ತರಗತಿಯಲ್ಲಿ ಒಂದು ಉತ್ತರವೇ ಆಯಿತು. ‘ಸರ್ ಹೇಳಲಿಲ್ಲ ಅಂದರೆ ಅವರು ಬ್ರಿಟಿಷರ ಕಡೆಯೇ ಇದ್ದಿರಬೇಕು’ ಎಂದು ಆ ಹುಡುಗ ತಿಳಿದ. ಹುಡುಗಿಯೂ ಹಾಗೆಯೇ ತಿಳಿದಳು. ಆದ್ದರಿಂದ ಆ ಪ್ರಶ್ನೆಗೆ ಒಬ್ಬ ಶಿಕ್ಷಕ ಏನು ತಿಳಿದಿರಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಪ್ರಶ್ನೆಯೊಳಗಿನ ಗಂಟು

ಹುಡುಗನ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಎಳೆಗಳು ಗಂಟಾಗಿವೆ. ಒಬ್ಬನ ಧರ್ಮ ಅವನು ಯಾರನ್ನು ನಂಬುತ್ತಾನೆ, ಹೇಗೆ ಪ್ರಾರ್ಥಿಸುತ್ತಾನೆ ಎಂಬುದನ್ನು ಹೇಳುತ್ತದೆ. ದೇಶಪ್ರೇಮ ಅವನು ಯಾವ ನೆಲವನ್ನು, ಯಾವ ಜನರನ್ನು ತನ್ನವರೆನ್ನುತ್ತಾನೆ ಎಂಬುದನ್ನು ಹೇಳುತ್ತದೆ. ರಾಜಕೀಯ ಹಣೆಪಟ್ಟಿ, ಅಂದರೆ ಎಡ, ಬಲ, ಸಮಾಜವಾದಿ, ರಾಷ್ಟ್ರವಾದಿ ಮುಂತಾದವು, ಆಳ್ವಿಕೆ ಹೇಗಿರಬೇಕೆಂದು ಅವನು ಬಯಸುತ್ತಾನೆ ಎಂಬುದನ್ನು ಹೇಳುತ್ತವೆ. ಒಂದರ ಉತ್ತರದಿಂದ ಇನ್ನೊಂದರ ಉತ್ತರವನ್ನು ಊಹಿಸಿಬಿಡುವುದೇ ಇಲ್ಲಿಯ ತಪ್ಪು. ಆಳುವವನ ಧರ್ಮವೂ ಆಳಿಸಿಕೊಳ್ಳುವವನ ಧರ್ಮವೂ ಒಂದೇ ಆದರೆ ಇಬ್ಬರೂ ಒಂದೇ ಕಡೆ ಎಂದು ಹುಡುಗ ಭಾವಿಸಿದ್ದ.

ಈ ಊಹೆ ಸರಿಯೇ ಎಂದು ಪರೀಕ್ಷಿಸಲು ನಮ್ಮ ಭಾಗದ ಚರಿತ್ರೆಯೇ ಸಾಕು. ಈಸ್ಟ್ ಇಂಡಿಯಾ ಕಂಪನಿ ಬಹಳ ಕಾಲ ಮಿಷನರಿಗಳನ್ನು ತನ್ನ ಪ್ರದೇಶದಲ್ಲಿ ಬಿಟ್ಟುಕೊಳ್ಳಲು ಒಪ್ಪಿರಲಿಲ್ಲ. ಅವರಿಂದ ವ್ಯಾಪಾರಕ್ಕೆ ತೊಂದರೆ ಎಂಬ ಭಯ ಅದಕ್ಕಿತ್ತು. ವಿಲಿಯಂ ಕ್ಯಾರಿ ಡೆನ್ಮಾರ್ಕಿನವರ ವಶದಲ್ಲಿದ್ದ ಶ್ರೀರಾಂಪುರದಲ್ಲಿ ನೆಲೆ ಹುಡುಕಬೇಕಾಯಿತು. 1813ರ ಸನ್ನದು ಕಾಯಿದೆಯ ನಂತರವೇ ಮಿಷನರಿಗಳಿಗೆ ಬಾಗಿಲು ತೆರೆಯಿತು. 1820ರಲ್ಲಿ ಲಂಡನ್ ಮಿಷನ್ ಬೆಳಗಾವಿಯಲ್ಲಿ ಕೆಲಸ ಆರಂಭಿಸಿತು. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಬಾಸೆಲ್ ಮಿಷನ್ ನೆಲೆಯೂರಿತು. ಕಿಟೆಲ್ ಅವರ ನಿಘಂಟು (1894), ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ (1843) ಇವೆಲ್ಲ ಆ ಮಿಷನ್ನಿನಿಂದ ಬಂದವು. ಅದು ಎಲ್ಲ ಕನ್ನಡ ಶಿಕ್ಷಕರಿಗೂ ಗೊತ್ತಿರುವ ಸಂಗತಿ.

ಅಷ್ಟಾಗಿ ಗೊತ್ತಿಲ್ಲದ್ದು 1914ರ ನಂತರದ ಕತೆ. ಮೊದಲ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಷನ್ನಿನಲ್ಲಿ ಅನೇಕರು ಜರ್ಮನಿಯವರಾಗಿದ್ದರು. ಬ್ರಿಟಿಷ್ ಸರಕಾರ ಅವರನ್ನು ಶತ್ರುದೇಶದವರೆಂದು ಪರಿಗಣಿಸಿ, ಶಿಬಿರಗಳಲ್ಲಿಟ್ಟು, ಆಮೇಲೆ ದೇಶದಿಂದ ಹೊರಗೆ ಕಳಿಸಿತು. ಮಿಷನ್ನಿನ ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಅವರ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ನಿನ್ನೆಯವರೆಗೆ ಒಂದೇ ದೇವರಿಗೆ ಪ್ರಾರ್ಥಿಸುತ್ತಿದ್ದ ಎರಡು ಗುಂಪುಗಳಲ್ಲಿ ಒಂದು ಇನ್ನೊಂದನ್ನು ಶತ್ರು ಎಂದಿತು. ಇಬ್ಬರೂ ಕ್ರೈಸ್ತರೇ. ಹುಡುಗನ ಊಹೆ ಇಲ್ಲಿಯೇ ಮುರಿದು ಬೀಳುತ್ತದೆ.

ಇನ್ನೊಂದು ಬೆರಕೆಯನ್ನೂ ಬಿಡಿಸಬೇಕು. ತರಗತಿಯಲ್ಲಿ ‘ಕ್ರೈಸ್ತ’ ಎಂದೊಡನೆ ಮಕ್ಕಳ ಕಣ್ಣ ಮುಂದೆ ಬರುವುದು ಕೋಟು ತೊಟ್ಟ ಬಿಳಿಯ ಮಿಷನರಿ. ನಮ್ಮ ಊರಿನ ಕ್ರೈಸ್ತರು ಪರದೇಶದಿಂದ ಬಂದವರಲ್ಲ. ಅವರ ಅಜ್ಜ-ಅಜ್ಜಿಯರು ಇಲ್ಲಿಯ ಹೊಲಗಳಲ್ಲಿ, ಮಗ್ಗಗಳಲ್ಲಿ ದುಡಿದವರು. ಮನೆಮಾತು ಕನ್ನಡ ಅಥವಾ ಮರಾಠಿ. ಮಿಷನರಿಯ ಬಗ್ಗೆ ಏನೇ ಅಭಿಪ್ರಾಯವಿರಲಿ, ಅದನ್ನು ಪಕ್ಕದ ಬೆಂಚಿನ ಹುಡುಗಿಯ ಮೇಲೆ ಹೊರಿಸುವಂತಿಲ್ಲ.

ಹಾಗೆಂದು ಎಲ್ಲ ಭಾರತೀಯ ಕ್ರೈಸ್ತರೂ ಸೆರೆಮನೆಗೆ ಹೋದ ವೀರರೇ ಎಂದು ಹೇಳುವುದೂ ಸುಳ್ಳಾಗುತ್ತದೆ. ಮಿಷನ್ ಶಾಲೆಯ ನೌಕರಿ, ಮಿಷನ್ ಆಸ್ಪತ್ರೆಯ ಆಸರೆ ಇವುಗಳನ್ನು ನೆಚ್ಚಿಕೊಂಡಿದ್ದ ಅನೇಕರು ಚಳವಳಿಯಿಂದ ದೂರ ಉಳಿದರು. ಸಾಮ್ರಾಜ್ಯವನ್ನು ಸಮರ್ಥಿಸಿದ ಮಿಷನರಿಗಳೂ ಇದ್ದರು. ಅದೇ ಕಾಲದಲ್ಲಿ ರಾವ್‌ಬಹಾದ್ದೂರ್, ಖಾನ್‌ಬಹಾದ್ದೂರ್ ಬಿರುದು ಪಡೆದು ಸರಕಾರದ ಪಕ್ಕ ನಿಂತ ಹಿಂದೂಗಳೂ ಮುಸಲ್ಮಾನರೂ ಇದ್ದರು ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕು. ಮಕ್ಕಳಿಗೆ ಅರ್ಧ ಸತ್ಯ ಹೇಳಿದರೆ ಉಳಿದರ್ಧ ಅವರಿಗೆ ಬೇರೆಲ್ಲೋ, ಬಹಳ ಸಲ ಮೊಬೈಲಿನಲ್ಲಿ, ಸಿಗುತ್ತದೆ.

ಧಾರವಾಡದ ಪಾದ್ರಿ, ಸರ್ವಜ್ಞನ ಹಿಂದೆ

ನನ್ನನ್ನು ಕೇಳಿದರೆ ಈ ಪಾಠಕ್ಕೆ ಉತ್ತರ ಕರ್ನಾಟಕದ ಶಿಕ್ಷಕರ ಕೈಯಲ್ಲಿರುವ ಅತ್ಯುತ್ತಮ ಉದಾಹರಣೆ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪಾದ್ರಿಯಾದವರು. ಸರ್ವಜ್ಞನ ಒಂದೆರಡು ತ್ರಿಪದಿ ಬಾಯಿಗೆ ಬಾರದ ವಿದ್ಯಾರ್ಥಿ ನಮ್ಮ ಕಡೆ ಸಿಗುವುದು ಅಪರೂಪ. ಆದರೆ ಊರೂರಿನ ಜನರ ನಾಲಗೆಯ ಮೇಲೆ, ಓಲೆಗರಿಗಳಲ್ಲಿ ಚದರಿ ಹೋಗಿದ್ದ ಆ ವಚನಗಳನ್ನು ವರ್ಷಗಟ್ಟಲೆ ಹುಡುಕಿ, ಸಾವಿರಕ್ಕೂ ಹೆಚ್ಚನ್ನು ಕೂಡಿಸಿ, 1924ರಲ್ಲಿ ಪುಸ್ತಕವಾಗಿ ತಂದವರು ಈ ಕ್ರೈಸ್ತ ಪಾದ್ರಿ ಎಂಬುದು ಎಷ್ಟು ಮಕ್ಕಳಿಗೆ ಗೊತ್ತು? ಎಷ್ಟು ಪ್ರಶಿಕ್ಷಣಾರ್ಥಿಗಳಿಗೆ ಗೊತ್ತು ಎಂದು ಕೇಳಿದರೆ ನಾವೇ ತಲೆ ತಗ್ಗಿಸಬೇಕಾದೀತು.

1924 ಎಂದರೆ ಬೆಳಗಾವಿ ಕಾಂಗ್ರೆಸ್ಸಿನ ವರ್ಷವೂ ಹೌದು. ಕಾಲರೇಖೆ ಬರೆಸುವ ಶಿಕ್ಷಕರು ಎರಡನ್ನೂ ಒಂದೇ ಗೆರೆಯ ಮೇಲೆ ಗುರುತಿಸಬಹುದು. ಒಂದು ಕಡೆ ಗಾಂಧೀಜಿಯ ಅಧಿವೇಶನ, ಇನ್ನೊಂದು ಕಡೆ ಕನ್ನಡ ಜನಪದದ ಸೊತ್ತನ್ನು ಉಳಿಸಿಕೊಟ್ಟ ಒಂದು ಪುಸ್ತಕ. ದೇಶವನ್ನು ಪ್ರೀತಿಸುವ ಕೆಲಸ ಮೆರವಣಿಗೆಯಲ್ಲಿ ಮಾತ್ರ ನಡೆಯುವುದಿಲ್ಲ ಎಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಚನ್ನಪ್ಪನವರು ತಮ್ಮ ನಂಬಿಕೆಯನ್ನು ಬಚ್ಚಿಟ್ಟವರಲ್ಲ. ಅವರ ಒಂದು ಕೃತಿಯ ಹೆಸರೇ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಹೆಸರಿನಲ್ಲಿ ಎರಡು ಊರುಗಳಿವೆ. ಒಂದು ಹಿಂದೂಗಳಿಗೆ ಪವಿತ್ರ, ಇನ್ನೊಂದು ಯೇಸು ಹುಟ್ಟಿದ ಊರು. ನಡುವೆ ಇರುವ ಪದ ‘ವಿನಂತಿ’. ಆಜ್ಞೆ ಅಲ್ಲ, ಸವಾಲೂ ಅಲ್ಲ. ಆ ಒಂದು ಪದದ ಮೇಲೆಯೇ ಹತ್ತು ನಿಮಿಷ ಪಾಠ ಮಾಡಬಹುದು. ವಚನ ಸಾಹಿತ್ಯದ ಅಧ್ಯಯನದಲ್ಲಿಯೂ ಅವರು ಅಷ್ಟೇ ಶ್ರದ್ಧೆಯಿಂದ ತೊಡಗಿದ್ದರು. 1949ರಲ್ಲಿ, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ, ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಕನ್ನಡಿಗರು ಅಧ್ಯಕ್ಷರನ್ನಾಗಿ ಆರಿಸಿದ್ದು ಇವರನ್ನೇ. ಕನ್ನಡ ನಾಡು ಇನ್ನೂ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲವದು. ನಮ್ಮ ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. 1962ರಲ್ಲಿ ಅವರು ತೀರಿಕೊಂಡರು.

‘ಅವರು ಯಾರ ಕಡೆ ಇದ್ದರು?’ ಎಂಬ ಪ್ರಶ್ನೆಯನ್ನು ಚನ್ನಪ್ಪನವರ ಮುಂದಿಟ್ಟರೆ ಆ ಪ್ರಶ್ನೆಯೇ ಸಣ್ಣದಾಗಿ ಕಾಣುತ್ತದೆ.

ಸೆರೆಮನೆಗೇ ಹೋದವರ ಉದಾಹರಣೆ ಬೇಕೆಂದರೆ ಅದೂ ಇದೆ. ಉಡುಪಿಯ ಕಡೆಯ ಜೋಕಿಂ ಆಳ್ವ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡರು. ಅವರ ಪತ್ನಿ ವಯಲೆಟ್ ಆಳ್ವ 1943ರಲ್ಲಿ ಕೆಲವೇ ತಿಂಗಳ ಕೂಸನ್ನು ಎತ್ತಿಕೊಂಡೇ ಮುಂಬಯಿಯ ಜೈಲು ಸೇರಿದರು. ಸ್ವಾತಂತ್ರ್ಯದ ನಂತರ ಇಬ್ಬರೂ ಸಂಸತ್ತಿಗೆ ಹೋದರು. ಅವರು ಲೋಕಸಭೆಯಲ್ಲಿ ಕೆನರಾ ಕ್ಷೇತ್ರವನ್ನು ಪ್ರತಿನಿಧಿಸಿದರು. ಇವರು 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾದರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರೇ.

ಸಂವಿಧಾನ ರಚನಾ ಸಭೆಯ ಉಪಾಧ್ಯಕ್ಷರಾಗಿದ್ದ ಹರೇಂದ್ರ ಕುಮಾರ ಮುಖರ್ಜಿ ಬಂಗಾಳದ ಕ್ರೈಸ್ತರು. ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜ ಅವರೂ ಆ ಸಭೆಯ ಸದಸ್ಯರು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಸ್ಥಾನ ಮೀಸಲಿಡಬೇಕೆ ಎಂಬ ಪ್ರಶ್ನೆ 1949ರ ಮೇ ತಿಂಗಳಲ್ಲಿ ಕೊನೆಯ ಬಾರಿ ಬಂದಾಗ, ಇವರಿಬ್ಬರೂ ಆ ಮೀಸಲಾತಿ ಬೇಡವೆನ್ನುವವರ ಜೊತೆ ನಿಂತರು. ಅದು ಸರಿಯಾದ ನಿರ್ಧಾರವೇ ಎಂದು ಇಂದಿಗೂ ವಾದಿಸಬಹುದು. ‘ನಾವು ಬೇರೆ ಗುಂಪಾಗಿ ಎಣಿಸಿಕೊಳ್ಳುವುದಿಲ್ಲ’ ಎಂದು ಅವರು ಹೇಳಿದ್ದನ್ನು ಮಾತ್ರ ಅಲ್ಲಗಳೆಯುವಂತಿಲ್ಲ.

ಪ್ರಾರ್ಥನಾ ಸಭೆಯಲ್ಲಿ ಮೌನವಾಗಿ ನಿಂತವರು

ಮೇಲಿನ ಉದಾಹರಣೆಗಳು ಸುಲಭ. ಅವರೆಲ್ಲ ನಾವು ಮೆಚ್ಚುವ ಕೆಲಸ ಮಾಡಿದವರು. ನಂಬಿಕೆಯೂ ದೇಶಗೌರವದ ರೂಢಿಯೂ ಎದುರುಬದುರಾದಾಗ ಶಿಕ್ಷಕ ಏನು ಮಾಡಬೇಕು? ನಮ್ಮ ವೃತ್ತಿಗೆ ನೇರವಾಗಿ ತಟ್ಟುವ ಪ್ರಕರಣ ಪಕ್ಕದ ಕೇರಳದ್ದು. ‘ಬಿಜೋ ಇಮ್ಯಾನುಯೆಲ್ ವಿರುದ್ಧ ಕೇರಳ ರಾಜ್ಯ’ ಎಂಬ ಹೆಸರಿನಲ್ಲಿ ಅದು ಪ್ರಸಿದ್ಧ.

ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದ ಒಂದೇ ಮನೆಯ ಮೂವರು ಮಕ್ಕಳು ಶಾಲೆಯ ಪ್ರಾರ್ಥನಾ ಸಭೆಯಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಎಲ್ಲರ ಜೊತೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು. ಆದರೆ ಹಾಡುತ್ತಿರಲಿಲ್ಲ. ದೇವರ ಹೊರತು ಬೇರೆ ಯಾವುದಕ್ಕೂ ಸ್ತುತಿ ಹಾಡಬಾರದೆಂಬುದು ಅವರ ನಂಬಿಕೆ. ಇದು ಎಲ್ಲ ಕ್ರೈಸ್ತರ ನಂಬಿಕೆಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ಬಹುಪಾಲು ಕ್ರೈಸ್ತರು ರಾಷ್ಟ್ರಗೀತೆಯನ್ನು ಯಾವ ಅಳುಕೂ ಇಲ್ಲದೆ ಹಾಡುತ್ತಾರೆ. 1985ರ ಜುಲೈನಲ್ಲಿ ಆ ಮೂವರನ್ನು ಶಾಲೆಯಿಂದ ಹೊರಹಾಕಲಾಯಿತು. ಕೇರಳ ಹೈಕೋರ್ಟಿನಲ್ಲಿ ಅವರಿಗೆ ನ್ಯಾಯ ಸಿಗಲಿಲ್ಲ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು. ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ.

ತೀರ್ಪಿನ ತಿರುಳು ಇಷ್ಟು. ರಾಷ್ಟ್ರಗೀತೆ ಹಾಡಲೇಬೇಕೆಂದು ಹೇಳುವ ಕಾನೂನು ಯಾವುದೂ ಇಲ್ಲ. ಎದ್ದು ಗೌರವದಿಂದ ನಿಲ್ಲುವುದು ಅಗೌರವವಲ್ಲ. ಇಲಾಖೆಯ ಸುತ್ತೋಲೆ ಕಾನೂನಾಗುವುದಿಲ್ಲ, ಅದರ ಬಲದಿಂದ ಮೂಲಭೂತ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ. ಹೊರಹಾಕಿದ್ದು ಸಂವಿಧಾನದ 19ನೆಯ ಮತ್ತು 25ನೆಯ ವಿಧಿಗಳಿಗೆ ವಿರುದ್ಧ. ಇದರ ಜೊತೆಗೇ ಶಿಕ್ಷಕರು ತಿಳಿದಿರಬೇಕಾದ ಇನ್ನೊಂದು ಮಾತಿದೆ. ರಾಷ್ಟ್ರಗೌರವಕ್ಕೆ ಅವಮಾನ ತಡೆ ಕಾಯಿದೆ, 1971ರ ಪ್ರಕಾರ ಬೇರೆಯವರು ರಾಷ್ಟ್ರಗೀತೆ ಹಾಡುವುದನ್ನು ಬೇಕೆಂದೇ ತಡೆಯುವುದು, ಹಾಡುತ್ತಿರುವ ಸಭೆಗೆ ಅಡ್ಡಿ ಮಾಡುವುದು ಅಪರಾಧ. ಅಡ್ಡಿ ಮಾಡುವುದು ಬೇರೆ, ಮೌನವಾಗಿ ನಿಲ್ಲುವುದು ಬೇರೆ.

ಅಮೆರಿಕದಲ್ಲಿಯೂ ಇದೇ ಪಂಥದ ಮಕ್ಕಳು ಧ್ವಜವಂದನೆ ಮಾಡಲಿಲ್ಲವೆಂದು 1940ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಶಾಲೆಯ ಪರ ತೀರ್ಪಿತ್ತಿತು. ಮೂರೇ ವರ್ಷದಲ್ಲಿ, ಅದೂ ಮಹಾಯುದ್ಧದ ನಡುವೆ, 1943ರಲ್ಲಿ ತನ್ನದೇ ತೀರ್ಪನ್ನು ತಿರುಗಿಸಿ ಮಕ್ಕಳ ಪರ ನಿಂತಿತು.

ಹಣೆಪಟ್ಟಿಗಳು ಎಲ್ಲಿಂದ ಬಂದವು

ರಾಜಕೀಯ ಹೆಸರುಗಳ ಬಗ್ಗೆ ಪಾಠ ಮಾಡುವಾಗ ಮೊದಲು ಅವುಗಳ ಹುಟ್ಟನ್ನು ಹೇಳಿದರೆ ಅರ್ಧ ಬಿಸಿ ಇಳಿಯುತ್ತದೆ. ‘ಎಡ’, ‘ಬಲ’ ಎಂಬವು 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ಕುರ್ಚಿಗಳ ಜಾಗದಿಂದ ಬಂದ ಹೆಸರುಗಳು. ರಾಜನ ಅಧಿಕಾರ ಉಳಿಯಬೇಕೆಂದವರು ಅಧ್ಯಕ್ಷರ ಬಲಗಡೆ ಕುಳಿತರು, ಬದಲಾವಣೆ ಬೇಕೆಂದವರು ಎಡಗಡೆ ಕುಳಿತರು. ಅದರಲ್ಲಿ ದೇವರ ಮಾತೂ ಇಲ್ಲ, ದೇಶದ್ರೋಹದ ಮಾತೂ ಇಲ್ಲ.

‘ದ್ರೋಹ’ದ ವಿಷಯದಲ್ಲಿ ಕನ್ನಡ ನಮಗೆ ಒಂದು ಉಪಕಾರ ಮಾಡಿದೆ. ನಮ್ಮಲ್ಲಿ ‘ರಾಜದ್ರೋಹ’, ‘ದೇಶದ್ರೋಹ’ ಎಂದು ಎರಡು ಪದಗಳಿವೆ. 1908ರಲ್ಲಿ ತಿಲಕರಿಗೆ, 1922ರಲ್ಲಿ ಗಾಂಧೀಜಿಗೆ ಶಿಕ್ಷೆಯಾದದ್ದು ರಾಜದ್ರೋಹಕ್ಕೆ. ಆಳುವ ಸರಕಾರವನ್ನು ವಿರೋಧಿಸಿದರು, ಆದ್ದರಿಂದಲೇ ದೇಶದ ಜನ ಅವರನ್ನು ದೇಶಭಕ್ತರೆಂದರು. ಈ ಎರಡು ಪದಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆಯುವುದೊಂದೇ ಸಾಕು, ಚರ್ಚೆ ತಾನಾಗಿ ಶುರುವಾಗುತ್ತದೆ.

‘ಸೆಕ್ಯುಲರ್’ ಪದದ ಕತೆಯೂ ಹೀಗೆಯೇ. 1976ರ 42ನೆಯ ತಿದ್ದುಪಡಿಯಿಂದ ಅದು ಪ್ರಸ್ತಾವನೆಗೆ ಬಂತು. ಕನ್ನಡದಲ್ಲಿ ‘ಜಾತ್ಯತೀತ’ ಎಂದೂ ‘ಸರ್ವಧರ್ಮ ಸಮಭಾವ’ ಎಂದೂ ಬಳಕೆಯಿದೆ. ‘ಜಾತ್ಯತೀತ’ ಎಂದೊಡನೆ ಮಕ್ಕಳು ಜಾತಿಪದ್ಧತಿಯ ಪಾಠ ನೆನೆಯುತ್ತಾರೆ. ನನಗಂತೂ ಆ ಅನುವಾದ ತರಗತಿಯಲ್ಲಿ ತೊಡಕು ಮಾಡಿದ್ದೇ ಹೆಚ್ಚು. ಸಂವಿಧಾನ ಸರಕಾರಕ್ಕೆ ಧರ್ಮವಿಲ್ಲ ಎನ್ನುತ್ತದೆ, ಪ್ರಜೆಗೆ ಧರ್ಮ ಇರಬಾರದು ಎನ್ನುವುದಿಲ್ಲ. ಈ ಒಂದು ವಾಕ್ಯ ಹೇಳಿ ಮುಂದೆ ಹೋಗುವುದು ಒಳ್ಳೆಯದು.

ಒಬ್ಬನೇ ಮನುಷ್ಯನಿಗೆ ಎಷ್ಟು ಹಣೆಪಟ್ಟಿ ಅಂಟಬಹುದು ಎಂಬುದಕ್ಕೆ ಜಾರ್ಜ್ ಫರ್ನಾಂಡಿಸ್ ಸಾಕು. ಮಂಗಳೂರಿನ ಕ್ರೈಸ್ತ ಮನೆಯಲ್ಲಿ 1930ರಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಬೇಸತ್ತು ಹೊರಬಂದು ಸಮಾಜವಾದಿಯಾದವರು. 1974ರ ರೈಲ್ವೆ ಮುಷ್ಕರದ ನಾಯಕರು. ತುರ್ತುಪರಿಸ್ಥಿತಿಯಲ್ಲಿ ಬರೋಡಾ ಡೈನಮೈಟ್ ಪ್ರಕರಣದ ಆರೋಪಿ, ಕೈಕೋಳ ತೊಟ್ಟ ಅವರ ಚಿತ್ರ ಪ್ರಸಿದ್ಧ. 1977ರಲ್ಲಿ ಜೈಲಿನಿಂದಲೇ ಬಿಹಾರದ ಮುಜಫ್ಫರಪುರದಲ್ಲಿ ಗೆದ್ದರು. 1998ರಲ್ಲಿ ವಾಜಪೇಯಿ ಸರಕಾರದ ರಕ್ಷಣಾ ಮಂತ್ರಿಯಾಗಿ ಸಿಯಾಚಿನ್ ಸೈನಿಕರ ಬಳಿಗೆ ಮತ್ತೆ ಮತ್ತೆ ಹೋದರು. ಒಂದು ಸರಕಾರ ಅವರನ್ನು ರಾಜ್ಯದ ವಿರುದ್ಧ ಸಂಚು ಹೂಡಿದವನೆಂದಿತು, ಇನ್ನೊಂದು ಅವರ ಕೈಗೆ ಸೈನ್ಯವನ್ನೇ ಕೊಟ್ಟಿತು. ಅವರ ರಾಜಕೀಯವನ್ನು ಮೆಚ್ಚುವವರೂ ಇದ್ದಾರೆ, ಮೆಚ್ಚದವರೂ ಇದ್ದಾರೆ. ಆದರೆ ‘ಕ್ರೈಸ್ತ’ ಎಂಬ ಒಂದು ಪದದಿಂದ ಇದರಲ್ಲಿ ಏನನ್ನಾದರೂ ಮೊದಲೇ ಊಹಿಸಲು ಆಗುತ್ತಿತ್ತೇ?

ಮರುಬೋಧನೆ

ಮುಂದಿನ ವಾರ ಅದೇ ಪ್ರಶಿಕ್ಷಣಾರ್ಥಿ ಅದೇ ತರಗತಿಗೆ ಹೋದರು. ಈ ಸಲ ಪೀಠಿಕೆಯನ್ನು ನಮ್ಮ ತಾಲೂಕಿನ ಹೆಸರಿನಿಂದಲೇ ಆರಂಭಿಸಿದರು. “ಗೋಕಾಕ ಚಳವಳಿ ಎಲ್ಲಿ ನಡೀತು?” ಇಡೀ ತರಗತಿ ಒಂದೇ ದನಿಯಲ್ಲಿ, “ಗೋಕಾಕದಾಗ್ರೀ!” ಆಮೇಲೆ ಅವರು ವಿವರಿಸಿದರು. ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಅಧ್ಯಕ್ಷರಾಗಿದ್ದ ಭಾಷಾ ಸಮಿತಿಯ ವರದಿ ಜಾರಿಯಾಗಲಿ ಎಂದು 1982ರಲ್ಲಿ ನಾಡಿನಾದ್ಯಂತ ನಡೆದ ಚಳವಳಿ ಅದು. ಗೋಕಾಕ ಎಂಬುದು ಅಲ್ಲಿ ಊರಲ್ಲ, ಒಬ್ಬರ ಅಡ್ಡಹೆಸರು. ಫಾಲ್ಸಿನ ಪಕ್ಕದಲ್ಲಿ ಬೆಳೆದ ಮಕ್ಕಳು ಬಿದ್ದು ಬಿದ್ದು ನಕ್ಕರು. ಪಟ್ಟಿಯ ಮೇಲಿನ ಹೆಸರು ನೋಡಿ ಒಳಗಿರುವುದನ್ನು ಊಹಿಸಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾಗಲಿಲ್ಲ.

ನಂತರ ಹಲಗೆಯ ಮೇಲೆ ಮೂರು ಅಂಕಣ ಎಳೆದರು: ನಂಬಿಕೆ, ನಾಡಿಗಾಗಿ ಮಾಡಿದ ಕೆಲಸ, ರಾಜಕೀಯ ನಿಲುವು. ಹೆಸರುಗಳ ಚೀಟಿಗಳನ್ನು ಗುಂಪುಗಳಿಗೆ ಹಂಚಿದರು. ಉತ್ತಂಗಿ ಚನ್ನಪ್ಪನವರ ಚೀಟಿ ಸಿಕ್ಕ ಗುಂಪು ಮೂರನೆಯ ಅಂಕಣದಲ್ಲಿ ಏನು ಬರೆಯಬೇಕೆಂದು ತೋಚದೆ ನಿಂತಿತು. “ನಿಮಗ ಕೊಟ್ಟ ಮಾಹಿತಿಯೊಳಗ ಅದು ಇಲ್ಲ ಅಂದ್ರ ಖಾಲಿ ಬಿಡ್ರಿ. ಊಹೆ ಮಾಡಿ ತುಂಬಬ್ಯಾಡ್ರಿ” ಎಂದರು ಪ್ರಶಿಕ್ಷಣಾರ್ಥಿ. ನನ್ನ ಅವಲೋಕನ ಪುಸ್ತಕದಲ್ಲಿ ಆ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಯಾವ ವಿದ್ಯಾರ್ಥಿಗೂ ತನ್ನ ಧರ್ಮ ಹೇಳು ಎಂದಾಗಲಿ, ‘ನಿಮ್ಮವರು ಏನು ಮಾಡಿದರು’ ಎಂದಾಗಲಿ ಅವರು ಕೇಳಲಿಲ್ಲ. ಇದನ್ನು ಮೊದಲೇ ಮಾತಾಡಿಕೊಂಡಿದ್ದೆವು. ಒಳ್ಳೆಯ ಉದ್ದೇಶದಿಂದ ಕೇಳಿದರೂ ಆ ಪ್ರಶ್ನೆ ಮಗುವನ್ನು ಒಂದು ಸಮುದಾಯದ ಪರ ಜವಾಬು ಕೊಡುವ ಕಟಕಟೆಯಲ್ಲಿ ನಿಲ್ಲಿಸುತ್ತದೆ.

ಕಿಟಕಿಯ ಪಕ್ಕದ ಹುಡುಗಿ ತನ್ನ ಗುಂಪಿನ ಪರವಾಗಿ ಹಲಗೆಯ ಬಳಿ ಬಂದು, ಎರಡನೆಯ ಅಂಕಣದಲ್ಲಿ ‘ಸರ್ವಜ್ಞನ ವಚನ, 1924’ ಎಂದು ದಪ್ಪ ಅಕ್ಷರದಲ್ಲಿ ಬರೆದು ಹೋದಳು. ಗಂಟೆ ಹೊಡೆಯುವ ಹೊತ್ತಿಗೆ ಹಿಂದಿನ ವಾರದ ಹುಡುಗ ಮತ್ತೆ ಎದ್ದು ನಿಂತ. “ಸರ್, ನಮ್ಮ ಸಾಲ್ಯಾಗ ಯಾರರ ರಾಷ್ಟ್ರಗೀತೆ ಹಾಡಲಿಲ್ಲ ಅಂದ್ರ?” ಈ ಸಲ ಯಾರೂ ಅವನನ್ನು ಕೂತ್ಕೋ ಎನ್ನಲಿಲ್ಲ. “ನಾಳೆ ಮೊದಲನೇ ಪ್ರಶ್ನೆ ಅದೇ” ಎಂದು ಪ್ರಶಿಕ್ಷಣಾರ್ಥಿ ಅದನ್ನು ಹಲಗೆಯ ಮೂಲೆಯಲ್ಲಿ ಬರೆದು, ಅಳಿಸಬೇಡಿ ಎಂದು ಹೇಳಿ ಹೊರಬಂದರು.